‘ಗೊತ್ತಿಲ್ಲ’ ಅಂದವರಿಗೆ ಥ್ಯಾಂಕ್ಸ್

ಮೊನ್ನೆ ಶನಿವಾರ ಶನಿವಾರ ಶನಿವಾರ ಆಕಾಶ ನೋಡುತ್ತಾ ವಿಜ್ಞಾನ ಹರಟುವ ನಮ್ಮ ತಾರಸಿ ಕೂಟಕ್ಕೆ ನೂರು ವಾರ ತುಂಬಿತು. ಮಂಡಕ್ಕಿ, ಬಜ್ಜಿ, ತಲೆ ಮೇಲೆ ದಟ್ಟ ಮೋಡ. ಟೆಲಿಸ್ಕೋಪಿನ ಮುಚ್ಚಳವನ್ನೂ ತೆಗೆಯಲಿಲ್ಲ. ಆದರೂ ಒಂಬತ್ತೂವರೆವರೆಗೆ ಯಾರೂ ಏಳಲಿಲ್ಲ. ಈ ನೂರರಲ್ಲಿ ಹದಿನಾಲ್ಕು ವಾರ ನಾನಿರಲಿಲ್ಲ. ಆ ಹದಿನಾಲ್ಕು ವಾರದ ಸಾಲ ತೀರಿಸುವುದಂತೂ ಆಗದ ಮಾತು. ಲೆಕ್ಕವನ್ನಾದರೂ ಬರೆದಿಡೋಣ ಅಂತ ಕೂತಿದ್ದೇನೆ.

ನನ್ನ ಪರಿಚಯ ಇಲ್ಲದವರಿಗೆ: ನಾನು ಸಾಗರದವನು. ಇಪ್ಪತ್ತಾರು ವರ್ಷದಿಂದ ಪಿಯು ಮಕ್ಕಳಿಗೆ ಫಿಸಿಕ್ಸ್ ಪಾಠ ಮಾಡುತ್ತಿದ್ದೇನೆ. ಕಳೆದ ವರ್ಷ ನನ್ನ ತಲೆಯ ಎಡಗಡೆಯಿಂದ ನಿಂಬೆಹಣ್ಣಿನಷ್ಟು ದೊಡ್ಡ ಗಡ್ಡೆ ತೆಗೆದರು. ಮೆನಿಂಜಿಯೋಮ ಅಂತ ಅದರ ಹೆಸರು. ಮಿದುಳಿನ ಹೊದಿಕೆಯಲ್ಲಿ ಬೆಳೆಯುವಂಥದ್ದು, ಹೆಚ್ಚಿನ ಸಲ ಕ್ಯಾನ್ಸರ್ ಆಗಿರುವುದಿಲ್ಲ. ನನ್ನದೂ ಆಗಿರಲಿಲ್ಲ.

ಅದಕ್ಕೂ ಮೊದಲು ಎಂಟು ತಿಂಗಳು ಒಬ್ಬರು ಡಾಕ್ಟರು ‘ಟೆನ್ಷನ್ ಅಷ್ಟೆ’ ಅಂತ ಮಾತ್ರೆ ಕೊಟ್ಟಿದ್ದರು. ಅವರ ಮೇಲೆ ಸಿಟ್ಟಿಲ್ಲ ಅಂದರೆ ಸುಳ್ಳಾಗುತ್ತದೆ. ತಲೆನೋವು ಯಾಕೆ ಅಂತ ಅವರಿಗೆ ತಿಳಿಯದೇ ಹೋಗಿದ್ದಕ್ಕಲ್ಲ ಸಿಟ್ಟು. ‘ನನಗೆ ತಿಳೀತಿಲ್ಲ, ಬೇರೆ ಕಡೆ ತೋರಿಸಿ’ ಅಂತ ಒಂದು ಮಾತು ಅನ್ನಲಿಲ್ಲವಲ್ಲ, ಅದಕ್ಕೆ. ಹೋಗಲಿ. ಆಮೇಲೆ ಸಿಕ್ಕವರು ಬೇರೆ ಥರದವರು. ಈ ಬರಹ ಅವರಿಗಾಗಿ.

ಮೊದಲನೆಯವರು ಅರಿವಳಿಕೆ ಕೊಟ್ಟ ಡಾಕ್ಟರ್. ಆಪರೇಷನ್ನಿನ ಹಿಂದಿನ ಸಂಜೆ ಬಂದು ಯಾವ ಹಲ್ಲಾದರೂ ಅಲ್ಲಾಡ್ತಿದೆಯಾ, ಅಲರ್ಜಿ ಇದೆಯಾ ಅಂತೆಲ್ಲ ಕೇಳಿದರು. ನಾನು ಫಿಸಿಕ್ಸ್ ಮೇಷ್ಟ್ರು ಅಂತ ತಿಳಿದ ಮೇಲೆ ಕುರ್ಚಿ ಎಳೆದುಕೊಂಡು ಕೂತರು. ‘ಮೇಡಂ, ಈ ಔಷಧಿ ಕೊಟ್ಟ ಮೇಲೆ ನಾನು ಎಲ್ಲಿ ಹೋಗ್ತೀನಿ?’ ಅಂತ ನಗುತ್ತಾ ಕೇಳಿದೆ. ನಗು ಬಾಯಲ್ಲಿ ಮಾತ್ರ ಇತ್ತು. ಅದು ಅವರಿಗೂ ಕಂಡಿರಬೇಕು.

‘ಎಷ್ಟು ಕೊಡಬೇಕು, ಹೇಗೆ ವಾಪಸ್ ಎಬ್ಬಿಸಬೇಕು, ಅದು ನನಗೆ ಚೆನ್ನಾಗಿ ಗೊತ್ತು’ ಅಂದರು. ‘ಪ್ರೊಪೊಫಾಲ್ ಅನ್ನೋ ಈ ಔಷಧಿ ನರಕೋಶದಲ್ಲಿ ಎಲ್ಲಿ ಹೋಗಿ ಅಂಟಿಕೊಳ್ಳುತ್ತೆ ಅಂತಲೂ ಗೊತ್ತು. ಅಲ್ಲಿಂದ ಮುಂದೆ ‘ನೀವು’ ಅನ್ನೋದು ಹೇಗೆ ಆರಿಹೋಗುತ್ತೆ ಅಂತ ಕೇಳಿದರೆ, ಪೂರ್ತಿ ಗೊತ್ತಿಲ್ಲ ಸರ್.’

ಜೆನಾನ್ ವಿಷಯವನ್ನು ಅವರೇ ತೆಗೆದರು. ಜೆನಾನ್ ಅಂದರೆ ನಾವು ಮಕ್ಕಳಿಗೆ ಜಡ ಅನಿಲ ಅಂತ ಹೇಳಿಕೊಡುವ ಗುಂಪಿನದು. ಯಾರ ಜೊತೆಗೂ ಸುಲಭಕ್ಕೆ ಸೇರುವುದಿಲ್ಲ, ತನ್ನ ಪಾಡಿಗೆ ತಾನಿರುತ್ತದೆ. ಅಂಥ ಅನಿಲವನ್ನು ಸಾಕಷ್ಟು ಉಸಿರಾಡಿದರೂ ಮನುಷ್ಯನಿಗೆ ಅರಿವು ತಪ್ಪುತ್ತದೆ! ಇಪ್ಪತ್ತಾರು ವರ್ಷ ಪೀರಿಯಾಡಿಕ್ ಟೇಬಲ್ ನೇತುಹಾಕಿದ ಗೋಡೆಯ ಪಕ್ಕದಲ್ಲೇ ಪಾಠ ಮಾಡಿದವನಿಗೆ ಇದು ಗೊತ್ತಿರಲಿಲ್ಲ. 1846ರಲ್ಲಿ ಬೋಸ್ಟನ್ನಿನ ಆಸ್ಪತ್ರೆಯಲ್ಲಿ ಈಥರ್ ಕೊಟ್ಟು ಎಲ್ಲರೆದುರು ಆಪರೇಷನ್ ಮಾಡಿ ತೋರಿಸಿದರು. ಅಂದಿನಿಂದ ಊರೂರಲ್ಲಿ ಇದೇ ಕೆಲಸ ನಡೆದಿದೆ. ದೀಪ ಆರಿಸುವುದು, ಹಚ್ಚುವುದು ಬರುತ್ತದೆ. ದೀಪ ಏನು ಅಂತ ಮಾತ್ರ ಇನ್ನೂ ಹುಡುಕಾಟ.

ಇದನ್ನೆಲ್ಲ ಕೇಳಿ ಹೆದರಿಕೆ ಆಗಬೇಕಿತ್ತು, ಅಲ್ವಾ? ಆಗಲಿಲ್ಲ. ಗೊತ್ತಿರುವುದು ಎಲ್ಲಿಗೆ ಮುಗಿಯುತ್ತದೆ ಅಂತ ಗೆರೆ ಎಳೆದು ತೋರಿಸುವವರ ಕೈಗೆ ತಲೆ ಕೊಡಬಹುದು ಅನಿಸಿತು. ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ.

ಬೆಳಿಗ್ಗೆ ಹತ್ತರಿಂದ ಹಿಂದಕ್ಕೆ ಎಣಿಸಿ ಅಂದರು. ಏಳು ಅಂದದ್ದು ನೆನಪಿದೆ. ಅದರ ಮುಂದಿನ ಮಾತು ‘ಸರ್, ಕಣ್ಣು ಬಿಡಿ’. ನಡುವೆ ಆರು ಗಂಟೆ ಕಳೆದಿತ್ತಂತೆ. ನಿದ್ದೆಯಿಂದ ಎದ್ದಾಗ ಸ್ವಲ್ಪ ಹೊತ್ತು ಹೋಯಿತು ಅಂತ ಮೈಗೆ ಗೊತ್ತಿರುತ್ತದೆ. ಇಲ್ಲಿ ಅದೂ ಇಲ್ಲ. ಪುಸ್ತಕದ ನಡುವಿನ ಹಾಳೆಗಳನ್ನು ಕಿತ್ತು, ಗುರುತೇ ಸಿಗದ ಹಾಗೆ ಹೊಲಿದಂತಿತ್ತು.

ಐಸಿಯುನಲ್ಲಿ ನನ್ನ ಪಕ್ಕದ ಮಂಚದಲ್ಲಿ ಒಬ್ಬ ಹುಡುಗ ಇದ್ದ. ಬೈಕ್ ಅಪಘಾತ. ಕರೆದರೆ ಓ ಅನ್ನುತ್ತಿರಲಿಲ್ಲ, ಚಿವುಟಿದರೆ ಕೈ ಎಳೆದುಕೊಳ್ಳುತ್ತಿರಲಿಲ್ಲ. ರಾತ್ರಿ ಪಾಳಿಯ ನರ್ಸ್ ಎರಡು ಗಂಟೆಗೊಮ್ಮೆ ಅವನನ್ನು ಮಗ್ಗುಲು ಬದಲಿಸುತ್ತಿದ್ದರು. ಪ್ರತಿ ಸಲವೂ ಮೊದಲು ಹೇಳುತ್ತಿದ್ದರು: ‘ಈಗ ಬಲಕ್ಕೆ ತಿರುಗಿಸ್ತೀನಪ್ಪ, ಕೈ ತಣ್ಣಗಿದೆ, ಬೈಕೋಬೇಡ.’ ಮೂರನೇ ರಾತ್ರಿ ತಡೆಯಲಾರದೆ ಕೇಳಿದೆ, ಅವನಿಗೆ ಕೇಳಿಸುತ್ತಾ ಅಂತ. ‘ಗೊತ್ತಿಲ್ಲ ಸರ್. ಗೊತ್ತಿಲ್ಲ ಅಂದ್ಮೇಲೆ ಮಾತಾಡಿಸೋದೇ ಸರಿ’ ಅಂದರು. ಅಂದು ಮುಂದಿನ ಮಂಚಕ್ಕೆ ಹೋದರು.

ಮನೆಗೆ ಬಂದ ಮೇಲೆ ಅವರ ಈ ಮಾತನ್ನೇ ಹಿಡಿದು ಹುಡುಕಿದೆ. 2006ರಲ್ಲಿ ಕೇಂಬ್ರಿಜ್‌ನಲ್ಲಿ ಏಡ್ರಿಯನ್ ಓವನ್ ಮತ್ತು ಜೊತೆಗಾರರು ಹೀಗೇ ಕರೆದರೆ ಓ ಅನ್ನದ ಸ್ಥಿತಿಯಲ್ಲಿದ್ದ 23 ವರ್ಷದ ಹುಡುಗಿಯೊಬ್ಬಳನ್ನು ಸ್ಕ್ಯಾನರಿನಲ್ಲಿ ಮಲಗಿಸಿ, ‘ಟೆನಿಸ್ ಆಡುತ್ತಿದ್ದೀಯ ಅಂದುಕೋ’ ಅಂದರು. ಅಪಘಾತವಾಗಿ ಆಗಲೇ ಐದು ತಿಂಗಳು. ಮೈ ಅಲ್ಲಾಡಲಿಲ್ಲ. ಮಿದುಳಿನಲ್ಲಿ ಮಾತ್ರ, ಆರೋಗ್ಯವಾಗಿರುವವರು ಟೆನಿಸ್ ನೆನೆದಾಗ ಯಾವ ಭಾಗ ಚುರುಕಾಗುತ್ತದೋ ಅದೇ ಭಾಗ ಚುರುಕಾಯಿತು. 2024ರಲ್ಲಿ ಇನ್ನೂ ದೊಡ್ಡ ಅಧ್ಯಯನ ಬಂತು. ಹೇಳಿದ್ದಕ್ಕೆ ಹೊರಗಿನಿಂದ ಯಾವ ಪ್ರತಿಕ್ರಿಯೆಯೂ ಕಾಣದ 241 ಜನರಲ್ಲಿ 60 ಜನರ ಮಿದುಳು ಒಳಗೊಳಗೇ ಮಾತಿಗೆ ಸ್ಪಂದಿಸಿತ್ತು. ನಾಲ್ವರಲ್ಲಿ ಒಬ್ಬರು! ಆ ನರ್ಸ್ ಇದನ್ನು ಓದಿದ್ದರೋ ಇಲ್ಲವೋ. ಅವರ ಕೈ ತಣ್ಣಗಿರುತ್ತಿತ್ತು ಅನ್ನುವುದು ಮಾತ್ರ ನಿಜ, ನನ್ನನ್ನೂ ತಿರುಗಿಸಿದ್ದಾರೆ. ಸಿಸ್ಟರ್, ನಿಮಗೆ ದೊಡ್ಡ ನಮಸ್ಕಾರ.

ಮನೆಯವರ ವಿಷಯ ಬರೆದರೆ ಅವರಿಗೆ ಇಷ್ಟವಾಗುವುದಿಲ್ಲ. ಆದರೂ ಮಗಳ ಒಂದು ಉಪಕಾರ ಹೇಳಲೇಬೇಕು. ಆಪರೇಷನ್ ಆದ ಮೇಲೆ ಐದಾರು ವಾರ ನನಗೆ ಪದಗಳು ಕೈಕೊಡುತ್ತಿದ್ದವು. ಸೌಟು ಎದುರಿಗಿದೆ. ಸಾರು ಬಡಿಸುವುದು ಅದರಲ್ಲೇ ಅಂತ ಗೊತ್ತಿದೆ. ಹಿಡಿ ಸುಟ್ಟಿರುವುದೂ ಗೊತ್ತಿದೆ. ಹೆಸರು ಮಾತ್ರ ಇಲ್ಲ. ‘ಆ ಸಾರಿನ ಉದ್ದದ್ದು ಕೊಡು’ ಅನ್ನುತ್ತಿದ್ದೆ. ಅವಳು ಒಂದು ದಿನವೂ ತಾನೇ ಪದ ಹೇಳಿಕೊಡಲಿಲ್ಲ. ಸುಮ್ನೆ ಕಾಯುತ್ತಿದ್ದಳು. ಪದವಿಲ್ಲದೆಯೂ ಅರಿವು ಇರುತ್ತದೆ ಅಂತ ಯಾರಾದರೂ ವಾದ ಮಾಡಿದರೆ ಈಗ ನಾನು ಸಾಕ್ಷಿ ಹೇಳಬಲ್ಲೆ. ಫಿಸಿಕ್ಸ್ ಪಾಠದ ‘ಎಂಟ್ರೊಪಿ’ ಅನ್ನುವ ಪದ ಒಂದು ದಿನವೂ ಮರೆತಿರಲಿಲ್ಲ, ಸೌಟು ಮರೆತಿತ್ತು! ಮನೆಗೆಲಸದಲ್ಲಿ ನನ್ನ ಪಾಲು ಎಷ್ಟು ಅನ್ನುವುದಕ್ಕೆ ಇದೇ ಪುರಾವೆ ಅಂತ ಹೆಂಡತಿ.

ನೋಡಲು ಬಂದವರೆಲ್ಲ ಒಳ್ಳೆಯ ಮನಸ್ಸಿನಿಂದಲೇ ಬಂದರು. ಒಬ್ಬರು ಕೊರಳಿಗೆ ಹಾಕಿಕೊಳ್ಳಿ ಅಂತ ‘ಕ್ವಾಂಟಮ್’ ಪದಕ ತಂದರು. ಪ್ರಜ್ಞೆಯ ಕಂಪನ ಸರಿಮಾಡುತ್ತದಂತೆ. ನೋಡುವವನಿಂದಲೇ ಲೋಕ ಆಗುತ್ತದೆ ಅಂತ ವಿಜ್ಞಾನವೇ ಒಪ್ಪಿದೆಯಲ್ಲ ಅಂದರು. ಅವರ ಪ್ರೀತಿಗೆ ಥ್ಯಾಂಕ್ಸ್, ಪದಕ ಮೊಳೆಗೆ ನೇತಾಡುತ್ತಿದೆ. ಆದರೆ ಕ್ವಾಂಟಮ್‌ನಲ್ಲಿ ‘ನೋಡುವುದು’ ಅಂದರೆ ಕಣ್ಣೂ ಬೇಕಿಲ್ಲ, ಮನಸ್ಸೂ ಬೇಕಿಲ್ಲ. ಒಂದು ಡಿಟೆಕ್ಟರ್ ಸಾಕು, ಕೋಣೆಯಲ್ಲಿ ಜನ ಇಲ್ಲದಿದ್ದರೂ ನಡೆಯುತ್ತದೆ. ಮನಸ್ಸಿಗೇನೋ ಪಾತ್ರ ಇರಬಹುದು ಅಂತ ವಿಗ್ನರ್‌ನಂಥ ದೊಡ್ಡ ಭೌತವಿಜ್ಞಾನಿಗಳೇ ಒಂದು ಕಾಲಕ್ಕೆ ಬರೆದಿದ್ದರು. ಆಮೇಲೆ ಅವರೇ ಅದನ್ನು ಕೈಬಿಟ್ಟರು. ನಿಜವಾದ ಒಗಟು ಬೇರೆ ಇದೆ. ಅಳೆಯುವ ಮೊದಲು ಹಲವು ಸಾಧ್ಯತೆ, ಅಳೆದಾಗ ಒಂದೇ ಉತ್ತರ. ಉಳಿದವು ಏನಾದವು? 2022ರ ನೊಬೆಲ್ ಪಡೆದ ಆಸ್ಪೆ, ಕ್ಲೌಸರ್, ಝೈಲಿಂಗರ್ ಮೂವರ ಪ್ರಯೋಗಗಳು ಈ ವಿಚಿತ್ರ ನಿಜ ಅಂತ ಒತ್ತಿ ಹೇಳಿದವು. ಇದರ ಅರ್ಥ ಏನು ಅನ್ನುವ ಜಗಳ ಹಾಗೇ ಇದೆ. ಎರಡು ಒಗಟು ಪಕ್ಕಪಕ್ಕ ಇಟ್ಟ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಉತ್ತರ ಆಗುವುದಿಲ್ಲ ಅಂತ ಅವರಿಗೆ ಅಂದೇ ಹೇಳಬೇಕಿತ್ತು. ಆಗ ಅಷ್ಟು ಉದ್ದದ ವಾಕ್ಯ ಬರುತ್ತಿರಲಿಲ್ಲ.

ಕೂಟದವರು ನನ್ನನ್ನು ಬಿಟ್ಟು ನಿಲ್ಲಿಸಲಿಲ್ಲ. ರಿಟೈರ್ಡ್ ಪೋಸ್ಟ್ ಮಾಸ್ಟರು ಮುಂದೆ ನಿಂತು ನಡೆಸಿದರು. ಮೆಡಿಕಲ್ ಶಾಪಿನ ಗೆಳೆಯ ಪ್ರತಿ ಶನಿವಾರದ ಮಾತುಕತೆಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಿದ. ಹತ್ತು ನಿಮಿಷಕ್ಕಿಂತ ಜಾಸ್ತಿ ಕೇಳಿದರೆ ತಲೆ ಸುತ್ತುತ್ತಿತ್ತು, ಕಂತಿನಲ್ಲಿ ಕೇಳಿದೆ. ರಕ್ತ ಕೊಟ್ಟ ಹಳೇ ವಿದ್ಯಾರ್ಥಿಗಳ ಹೆಸರು ಇಲ್ಲಿ ಹಾಕುವುದಿಲ್ಲ. ಅವರಿಗೆ ಗೊತ್ತು.

ಅವರಲ್ಲೊಬ್ಬಳು ಡಿಸೆಂಬರಿನಲ್ಲಿ ಕಾರಿನಲ್ಲಿ ಕೂರಿಸಿಕೊಂಡು ಶರಾವತಿ ಹಿನ್ನೀರಿಗೆ ಕರೆದುಕೊಂಡು ಹೋದಳು. ತಲೆಗೆ ಮಂಕಿ ಕ್ಯಾಪ್, ಕೈಯಲ್ಲಿ ಫ್ಲಾಸ್ಕು. 2020ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ಸರಸ್ ಅನ್ನುವ ರೇಡಿಯೋ ಉಪಕರಣವನ್ನು ತೆಪ್ಪದ ಮೇಲೆ ತೇಲಿಬಿಟ್ಟಿದ್ದು ಇದೇ ಹಿನ್ನೀರಿನಲ್ಲಿ. ದಂಡಿಗಾನಹಳ್ಳಿ ಕೆರೆಯಲ್ಲೂ ಇಟ್ಟಿದ್ದರು. ನೆಲದ ಮೇಲಾದರೆ ಮಣ್ಣು, ಕಲ್ಲು ಪದರಪದರವಾಗಿ ಸಿಗ್ನಲನ್ನು ಕೆಡಿಸುತ್ತವೆ. ನೀರು ಒಂದೇ ಸಮ. ಕೇಳಲು ಹೊರಟಿದ್ದು ಮೊದಲ ನಕ್ಷತ್ರಗಳು ಹೊತ್ತಿಕೊಂಡ ಕಾಲದ ಹೈಡ್ರೋಜನ್ನಿನ ದನಿ. ಹೊರಟಾಗ 1420 ಮೆಗಾಹರ್ಟ್ಸ್ ಇದ್ದದ್ದು, ವಿಶ್ವ ಹಿಗ್ಗಿ ಹಿಗ್ಗಿ ಇಲ್ಲಿಗೆ ಬರುವಾಗ ನಮ್ಮ ಎಫ್‌ಎಂ ರೇಡಿಯೋದ ಪಕ್ಕದ ಓಣಿಗೆ ಇಳಿದಿರುತ್ತದೆ.

2018ರಲ್ಲಿ ಅಮೆರಿಕದ ತಂಡವೊಂದು ಆಸ್ಟ್ರೇಲಿಯಾದ ಮರುಭೂಮಿಯಲ್ಲಿಟ್ಟ ಎಡ್ಜಸ್ ಉಪಕರಣದಿಂದ ಅದನ್ನು ಕೇಳಿದೆವು ಅಂದಿತ್ತು, 78 ಮೆಗಾಹರ್ಟ್ಸ್ ಹತ್ತಿರ. ಸಿದ್ಧಾಂತದ ಲೆಕ್ಕ ಹೇಳಿದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಆಳಕ್ಕೆ ತಗ್ಗಿದ ಸಿಗ್ನಲ್. ಕಣ್ಣಿಗೆ ಕಾಣದ ದ್ರವ್ಯ, ಡಾರ್ಕ್ ಮ್ಯಾಟರ್, ಏನೋ ಹೊಸ ಆಟ ಆಡಿರಬೇಕು ಅಂತ ಪೇಪರುಗಳ ಮೇಲೆ ಪೇಪರು ಬಂದವು. 2022ರಲ್ಲಿ ಸರಸ್ ತಂಡ, ನಮಗೆ ಅದು ಕಾಣುತ್ತಿಲ್ಲ, ಅದು ಆಕಾಶದಿಂದ ಬಂದದ್ದಲ್ಲ ಅಂತ ಶೇಕಡಾ 95ರಷ್ಟು ಭರವಸೆಯಿಂದ ಹೇಳಿತು. ‘ಇಷ್ಟೆಲ್ಲ ಮಾಡಿ ಸಿಕ್ಕಿದ್ದು ಇಲ್ಲ ಅನ್ನೋದಾ ಸರ್?’ ಅಂತ ಕೇಳಿದಳು. ಹೌದು, ಅದೇ. ಜಗತ್ತೆಲ್ಲ ಸಿಕ್ಕಿತು ಅನ್ನುವಾಗ ಇಲ್ಲ ಅನ್ನಲು ಎಷ್ಟು ಸಲ ತಂತಿ ಬಿಚ್ಚಿ ಜೋಡಿಸಿರಬೇಕು ಯೋಚಿಸು ಅಂದೆ. ಆ ದಿನ ಇಷ್ಟು ಮಾತು ನನ್ನ ಬಾಯಿಂದ ತಡೆಯಿಲ್ಲದೆ ಬಂತು. ಅವಳು ಗಮನಿಸಿದಳು, ಏನೂ ಹೇಳಲಿಲ್ಲ. ಕಾಫಿ ಬಗ್ಗಿಸಿಕೊಟ್ಟಳು.

ನೂರನೇ ಶನಿವಾರ ಪೋಸ್ಟ್ ಮಾಸ್ಟರು ಒಂದು ಪಂದ್ಯದ ಕಥೆ ಹೇಳಿದರು. 1998ರಲ್ಲಿ ಜರ್ಮನಿಯಲ್ಲಿ ಮಿದುಳು ವಿಜ್ಞಾನಿ ಕ್ರಿಸ್ಟಾಫ್ ಕಾಖ್, ತತ್ವಶಾಸ್ತ್ರದ ಡೇವಿಡ್ ಚಾಮರ್ಸ್ ಜೊತೆ ಬಾಜಿ ಕಟ್ಟಿದ್ದರು. ಇನ್ನು 25 ವರ್ಷದಲ್ಲಿ ಮಿದುಳಿನ ಯಾವ ಕೆಲಸದಿಂದ ಅರಿವು ಮೂಡುತ್ತದೆ ಅಂತ ಸ್ಪಷ್ಟವಾಗುತ್ತದೆ ಅಂತ. 2023ರ ಜೂನ್‌ನಲ್ಲಿ ನ್ಯೂಯಾರ್ಕಿನ ವೇದಿಕೆಯ ಮೇಲೆ ಕಾಖ್ ಸೋಲು ಒಪ್ಪಿ ವೈನ್ ಬಾಟಲಿಗಳನ್ನು ಕೊಟ್ಟರು.

ನಮ್ಮ ಕೂಟವೂ ಬಾಜಿ ಕಟ್ಟಿದೆ. ವಿಶ್ವ ಹಿಗ್ಗುವ ವೇಗದ ಮೇಲೆ. ದೂರ ಸುಮಾರು 33 ಲಕ್ಷ ಬೆಳಕಿನ ವರ್ಷ ಹೆಚ್ಚಿದಂತೆಲ್ಲ ಗೆಲಾಕ್ಸಿಗಳು ದೂರ ಸರಿಯುವ ವೇಗ ಸೆಕೆಂಡಿಗೆ ಎಷ್ಟು ಕಿಲೋಮೀಟರ್ ಹೆಚ್ಚುತ್ತದೆ ಅನ್ನುವ ಸಂಖ್ಯೆ ಅದು. ಆದಿಕಾಲದ ಬೆಳಕಿನಿಂದ ಲೆಕ್ಕ ಹಾಕಿದರೆ 67ರ ಆಸುಪಾಸು, ಹತ್ತಿರದ ನಕ್ಷತ್ರ, ಸಿಡಿಯುವ ನಕ್ಷತ್ರಗಳಾದ ಸೂಪರ್‌ನೋವಾಗಳಿಂದ ಅಳೆದರೆ 73ರ ಆಸುಪಾಸು. ಎರಡೂ ಕಡೆಯವರು ಎಚ್ಚರಿಕೆಯ ಜನ, ಎರಡೂ ಸಂಖ್ಯೆ ಜಗ್ಗುತ್ತಿಲ್ಲ. ನನ್ನ ಶಿಷ್ಯೆ 73ಕ್ಕೆ, ಅಲ್ಲಿ ಹೊಸ ಭೌತಶಾಸ್ತ್ರ ಇದೆ ಅಂತ. ನಾನು ಎಲ್ಲೋ ಅಳತೆಯ ಎಡವಟ್ಟು ಅಂತ 67ಕ್ಕೆ. ಮೆಡಿಕಲ್ ಶಾಪಿನವನು ಎರಡೂ ತಪ್ಪು ಅಂತ. ಸೋತವರು ಗೆದ್ದವರಿಗೆ ಒಂದು ಭರಣಿ ಅಪ್ಪೆಮಿಡಿ ಉಪ್ಪಿನಕಾಯಿ ಕೊಡಬೇಕು. ಗಡುವು ಹತ್ತು ವರ್ಷ. ಚೀಟಿ ಪೋಸ್ಟ್ ಮಾಸ್ಟರ ಹತ್ತಿರ ಇದೆ, ಅವರಿಗೆ ಎಪ್ಪತ್ತೊಂದು.

ಹತ್ತು ವರ್ಷ ಅಂದಾಗ ನನ್ನ ಹೆಂಡತಿ ನನ್ನ ಮುಖ ನೋಡಿದಳು. ಮುಂದಿನ ಸ್ಕ್ಯಾನ್ ಫೆಬ್ರವರಿಯಲ್ಲಿ. ಮಿಡಿ ಸಿಗುವುದು ಅದಾದ ಮೇಲೇ. ಉಪ್ಪಿನಲ್ಲಿ ಹಾಕಿಡೋಣ, ಹತ್ತು ವರ್ಷ ಕೆಡದ ಹಾಗೆ ಹಾಕಲು ನಮ್ಮಮ್ಮನಿಗೆ ಬರುತ್ತಿತ್ತು ಅಂದಳು.