ಮೆದುಳಿನ ಸಾರ್ಕಾಯ್ಡೋಸಿಸ್: ಚಿತ್ರದ ಹಿಂದೆ ದುಡಿದವರಿಗೆ ನಮಸ್ಕಾರ

ಬೆಂಗಳೂರಿನಲ್ಲಿ ನಾವು ನಡೆಸುವ ನರರೋಗ ಮತ್ತು ರೇಡಿಯಾಲಜಿ ಜಂಟಿ ಸಭೆಗೆ ಈ ವಾರ ವರ್ಷ ತುಂಬಿತು. ಸಾರ್ಕಾಯ್ಡೋಸಿಸ್ (ರೋಗನಿರೋಧಕ ಕಣಗಳು ಗುಂಪುಗೂಡಿ ಅಂಗಗಳಲ್ಲಿ, ಹೆಚ್ಚಾಗಿ ಶ್ವಾಸಕೋಶದಲ್ಲಿ, ಸಣ್ಣ ಗಂಟು ಕಟ್ಟುವ ಕಾಯಿಲೆ) ಮೆದುಳಿಗೂ ಬಂದಿದೆಯೇ ಎಂಬ ಕಷ್ಟದ ಪ್ರಶ್ನೆಯಲ್ಲಿ ಕೈಹಿಡಿದವರಿಗೆಲ್ಲ ಈ ಕೃತಜ್ಞತೆ.

ಮೊದಲು ಎಂಆರ್‌ಐ ಟೆಕ್ನಿಷಿಯನ್ನರಿಗೆ. ಈ ಕಾಯಿಲೆಗೆ ಮೆದುಳಿನ ತಳವೆಂದರೆ ಇಷ್ಟ: ಅಲ್ಲಿನ ಪೊರೆ, ಪಿಟ್ಯುಟರಿ ಎಂಬ ಹಾರ್ಮೋನ್ ಗ್ರಂಥಿಯ ತೊಟ್ಟು, ಅದರ ಮೇಲಿನ ಹೈಪೋಥಲಾಮಸ್, ಕಣ್ಣಿನ ನರ, ಮುಖದ ನರ. ಕಾಂಟ್ರಾಸ್ಟ್ (ರೋಗದ ಜಾಗ ಹೊಳೆಯುವಂತೆ ರಕ್ತನಾಳಕ್ಕೆ ಕೊಡುವ ಔಷಧ) ಇಲ್ಲದ ಸ್ಕ್ಯಾನಿನಲ್ಲಿ ಪೊರೆಯ ರೋಗ ಪೂರ್ತಿ ತಪ್ಪಿಹೋಗಬಹುದು. ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ನೋಡಿಕೊಂಡು, ದೇಹತೂಕದ ಕೆ.ಜಿ.ಗೆ 0.1 ಮಿಲಿಮೋಲ್ ಗ್ಯಾಡೋಲಿನಿಯಂ ಎಂಬ ಕಾಂಟ್ರಾಸ್ಟ್ ಕೊಟ್ಟು, ಪಿಟ್ಯುಟರಿಗೂ ಕಣ್ಣುಗೂಡಿಗೂ ತೆಳು ಸ್ಲೈಸ್ ತೆಗೆದಿರಿ. ಕಣ್ಣುಗೂಡಿನ ಕೊಬ್ಬಿನ ಹೊಳಪನ್ನು ಅಡಗಿಸದಿದ್ದರೆ ನರದ ಹೊಳಪು ಅದರಲ್ಲೇ ಮುಳುಗುತ್ತದೆ, ಅದನ್ನೂ ಮರೆಯಲಿಲ್ಲ. ಹಾಗೆ ತೆಗೆದ ಟಿ1 ಎಂಬ ಬಗೆಯ ಎಂಆರ್‌ಐ ಚಿತ್ರದಲ್ಲಿ ಮೆದುಳಿನ ಮಡಿಕೆಗಳೊಳಗೆ ಸಾಸಿವೆ ಪೋಣಿಸಿದಂತೆ ಗಂಟುಗಂಟಾದ ಬಿಳಿ ಗೆರೆ ಎದ್ದು ಬರುತ್ತದೆ. ಬೆನ್ನುಹುರಿಯಲ್ಲಾದರೆ ಹಿಂಬದಿಯ ಅಂಚಿಗೆ ಅಂಟಿದ ಹೊಳಪು. ನಡುವಿನ ನಾಳವೂ ಬೆಳಗಿದರೆ ಅಡ್ಡ ಸ್ಲೈಸಿನಲ್ಲಿ ತ್ರಿಶೂಲದ ಆಕಾರ.

ವಾರ್ಡಿನ ಸಿಸ್ಟರ್‌ಗಳಿಗೆ, ಡ್ಯೂಟಿ ಡಾಕ್ಟರುಗಳಿಗೆ: ಸ್ಟೀರಾಯ್ಡ್ ಶುರುವಾದ ದಿನಾಂಕ ಮತ್ತು ಡೋಸನ್ನು ಸ್ಕ್ಯಾನ್ ಚೀಟಿಯ ಮೇಲೆ ಬರೆದು ಕಳಿಸಿದಿರಿ. ಸ್ಟೀರಾಯ್ಡ್ ಬಿದ್ದ ಮೇಲೆ ಹೊಳಪು ಮಸುಕಾಗುತ್ತದೆ, ಬಯಾಪ್ಸಿಯೂ ಕೈಕೊಡಬಹುದು. ಆ ಒಂದು ಸಾಲು ಇಲ್ಲದಿದ್ದರೆ ಚಿತ್ರ ಶುದ್ಧವಾಗಿದೆ ಎಂದು ನಾವು ರಿಪೋರ್ಟ್ ಬರೆದುಬಿಡುತ್ತಿದ್ದೆವು.

ನಮ್ಮ ಕಡೆ ಇನ್ನೂ ದೊಡ್ಡ ತೊಡಕು ಟಿಬಿ. ಅದೂ ಮೆದುಳಿನ ತಳದ ಪೊರೆಯಲ್ಲೇ ಹೊಳೆಯುತ್ತದೆ. ಬರೀ ಚಿತ್ರ ನೋಡಿ ಎರಡನ್ನೂ ಬೇರ್ಪಡಿಸುತ್ತೇವೆ ಎನ್ನುವುದು ಅಪಾಯ; ಟಿಬಿಯನ್ನು ಸಾರ್ಕಾಯ್ಡ್ ಎಂದುಕೊಂಡು, ರೋಗನಿರೋಧಕ ಶಕ್ತಿ ತಗ್ಗಿಸುವ ಇನ್‌ಫ್ಲಿಕ್ಸಿಮ್ಯಾಬ್ ಔಷಧ ಕೊಟ್ಟರೆ ಜೀವಕ್ಕೇ ಕುತ್ತು. ಆದ್ದರಿಂದ, ಬೆನ್ನುನೀರು ಎರಡು ಎಂಎಲ್ ಸಾಲದು, ಟಿಬಿ ರೋಗಾಣುವಿನ ಜೀನ್ ಹುಡುಕುವ ಸಿಬಿನ್ಯಾಟ್‌ಗೂ, ಅದನ್ನು ಬೆಳೆಸಿ ನೋಡುವ ಕಲ್ಚರ್‌ಗೂ ಇನ್ನಷ್ಟು ಬೇಕು ಎಂದು ಹಟ ಹಿಡಿದ ಲ್ಯಾಬಿನವರಿಗೆ ಋಣಿ. ಸಾರ್ಕಾಯ್ಡ್‌ನಲ್ಲಿ ಏರಬಹುದಾದ ಎಸಿಇ ಎಂಬ ಕಿಣ್ವ ನಾರ್ಮಲ್ ಬಂದಿತೆಂದು ಯಾರೂ ಫೈಲು ಮುಚ್ಚಲಿಲ್ಲ, ಅದಕ್ಕೂ. ಎದೆಯ ಸಿಟಿಯಲ್ಲಿ ಎರಡೂ ಕಡೆ ಊದಿದ ಗ್ರಂಥಿ ಕಂಡು, ಇಬಸ್ (ಶ್ವಾಸನಾಳದೊಳಗಿನ ಅಲ್ಟ್ರಾಸೌಂಡ್) ಸೂಜಿಯಿಂದ ಚೂರು ತೆಗೆದ ಶ್ವಾಸಕೋಶ ತಜ್ಞರು ಎಷ್ಟೋ ಜನರಿಗೆ ತಲೆಬುರುಡೆ ತೆರೆಯುವುದನ್ನೇ ತಪ್ಪಿಸಿದರು.

ಕೊನೆಗೆ ಮನೆಯವರಿಗೆ. "ರಾತ್ರಿಯೆಲ್ಲಾ ನೀರು ಕುಡೀತಾರೆ ಡಾಕ್ಟ್ರೇ, ಗಂಟೆಗೊಂದ್ಸಲ ಬಾತ್‌ರೂಮಿಗೆ ಹೋಗ್ತಾರೆ" ಎಂದು ನೀವು ಹೇಳಿದ್ದರಿಂದಲೇ, ದೇಹದ ನೀರು ಹಿಡಿದಿಡುವ ಹಾರ್ಮೋನ್ ಇಳಿದು ಬರುವ ಪಿಟ್ಯುಟರಿಯ ತೊಟ್ಟನ್ನು ಮತ್ತೆ ಹಿಗ್ಗಿಸಿ ನೋಡಿದೆವು. ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿಟ್ಟ ಹಳೆಯ ಎಕ್ಸ್‌ರೇಗಳನ್ನು ದಯವಿಟ್ಟು ಬಿಸಾಡಬೇಡಿ. ಫಿಲ್ಮಿನಲ್ಲಿ ಆಯ್ದ ಚಿತ್ರಗಳಷ್ಟೇ ಇರುತ್ತವೆ, ಸಿಡಿಯನ್ನೂ ಕೇಳಿ ಪಡೆಯಿರಿ. ಮುಂದಿನ ಸ್ಕ್ಯಾನ್ ಆದಷ್ಟು ಅದೇ ಮೆಷಿನ್ನಿನಲ್ಲಿ ಆಗಲಿ. ಹೊಳಪು ಇಳಿದಿದೆಯೋ ಇಲ್ಲವೋ ಎಂದು ಪಕ್ಕಪಕ್ಕದಲ್ಲಿಟ್ಟು ಹೇಳಲು ಸುಲಭ.