ನಮ್ಮೂರ ಗೂಡಿಗೆ, ಅದನ್ನು ಬಿಚ್ಚುವ ಕೈಗಳಿಗೆ

ಮೊನ್ನೆ ನನ್ನ ಪಿಎಚ್‌ಡಿ ವೈವಾ ಮುಗಿಯಿತು. ಆರು ವರ್ಷ ಹಿಡಿಯಿತು. ಫೋನ್ ಮಾಡಿ ಹಾರೈಸಿದ ಎಲ್ಲರಿಗೂ ಧನ್ಯವಾದ. ಥೀಸಿಸ್‌ನಲ್ಲಿ ಇಂಗ್ಲಿಷಿನಲ್ಲಿ ಬರೆದ ಥ್ಯಾಂಕ್ಸ್ ಶಿಡ್ಲಘಟ್ಟದ ನಮ್ಮವರಿಗೆ ತಲುಪುವುದಿಲ್ಲ. ಅದಕ್ಕೇ ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ರೇಷ್ಮೆ ಗೂಡಿನಿಂದ ಔಷಧಿ ಮಾಡ್ತಾಳಂತೆ" ಅಂತ ಊರಲ್ಲಿ ಮಾತಿದೆ. ಔಷಧಿ ಇನ್ನೂ ಆಗಿಲ್ಲ. ನನ್ನದು ಸಾಗಿಸುವ ಕೆಲಸ. ಜೀನ್ ಕೆಟ್ಟಿರುವ ಜೀವಕೋಶಕ್ಕೆ ಸರಿಯಾದ ಜೀನ್ ಮುಟ್ಟಿಸಬೇಕು. ಡಿಎನ್‌ಎಯನ್ನು ಸುಮ್ನೆ ಹಾಗೇ ಬಿಟ್ಟರೆ ರಕ್ತದ ಕಿಣ್ವಗಳು ಕತ್ತರಿಸಿ ಹಾಕುತ್ತವೆ. ಉಳಿದುಕೊಂಡರೂ ಒಳಗೆ ಹೋಗುವುದು ಕಷ್ಟ. ಡಿಎನ್‌ಎಯದೂ ಋಣ ವಿದ್ಯುತ್, ಕೋಶದ ಪೊರೆಯದೂ ಋಣ, ಒಂದನ್ನೊಂದು ದೂರ ತಳ್ಳುತ್ತವೆ. ಫೈಜರ್, ಮೊಡೆರ್ನಾ ಕೋವಿಡ್ ಲಸಿಕೆಗಳಲ್ಲಿ ಎಂಆರ್‌ಎನ್‌ಎ (ಪ್ರೋಟೀನ್ ಮಾಡುವ ಸೂಚನೆ ಹೊತ್ತ ಅಣು) ಹೋಗಿದ್ದು ಕೊಬ್ಬಿನ ನ್ಯಾನೊ ಕಣದೊಳಗೆ ಕೂತು. ನಾನು ಕೊಬ್ಬಿನ ಬದಲು ರೇಷ್ಮೆ ಎಳೆಯ ಪ್ರೋಟೀನ್ ಆದ ಫೈಬ್ರೊಯಿನ್ ಹಿಡಿದೆ. ಅದೂ ಋಣವೇ. ಹಾಗಾಗಿ ಪಿಇಐ ಅನ್ನುವ ಧನ ಪಾಲಿಮರ್ ಲೇಪಿಸಬೇಕು. ಅದು ಜಾಸ್ತಿಯಾದರೆ ಕೋಶವೇ ಸಾಯುತ್ತದೆ.

ಎರಡನೇ ವರ್ಷವೆಲ್ಲ ನನ್ನ ಕಣಗಳು ಗಂಟು ಕಟ್ಟಿದವು. ಒಂದು ಸಲ 150 ನ್ಯಾನೊಮೀಟರ್, ಮುಂದಿನ ಸಲ ಸಾವಿರ ದಾಟಿ! ಬಿಟ್ಟುಬಿಡುತ್ತೇನೆ ಅಂತ ಊರಿಗೆ ಬಂದು ಅತ್ತುಬಿಟ್ಟೆ. ಚಿಕ್ಕಪ್ಪ ಏನೂ ಹೇಳದೆ, ಫಿಲೇಚರ್ (ಗೂಡಿನಿಂದ ನೂಲು ಬಿಚ್ಚುವ ಘಟಕ) ನಡೆಸುವ ಭಾಯ್ ಹತ್ತಿರ ಕರೆದುಕೊಂಡು ಹೋದರು. ನಾನು ಅಂಟು ಬಿಡಿಸಲು ಸೋಡಾ ಹಾಕಿದ ನೀರಿನಲ್ಲಿ ಬೇಯಿಸಿ ತಂದಿದ್ದ ಎಳೆಯನ್ನು ಭಾಯ್ ಎರಡು ಬೆರಳಲ್ಲಿ ಉಜ್ಜಿ ನೋಡಿದರು. "ಇನ್ನೂ ಅಂಟು ಬಿಟ್ಟಿಲ್ಲಮ್ಮ. ಬೇರೆ ಬೇರೆ ಲಾಟ್ ಬೆರೆಸಿದ್ದೀಯ. ಒಂದೊಂದು ಲಾಟನ್ನ ಒಂದೊಂದು ಹದಕ್ಕೆ ಬೇಯಿಸಬೇಕು."

ಅಷ್ಟೇ. ವರ್ಷದಿಂದ ಯಂತ್ರಗಳಿಗೆ ಸಿಗದೇ ಇದ್ದದ್ದು ಅದು. ಅಂಟು ಉಳಿದರೆ ಕಣ ಗಂಟಾಗುತ್ತದೆ, ಬೇಯಿಸಿದ್ದು ಹೆಚ್ಚಾದರೆ ಫೈಬ್ರೊಯಿನ್ ತುಂಡಾಗುತ್ತದೆ. ಭಾಯ್, ನಿಮ್ಮ ಆ ಎರಡು ಬೆರಳಿಗೆ ನಾನು ಋಣಿ.

ಅಲ್ಲಿಂದಾಚೆ ನಮ್ಮ ಮನೆಯ ಗೂಡು ಮಾತ್ರ. ಅಮ್ಮ ಪ್ರತಿ ಬೆಳೆಯಲ್ಲೂ ಒಂದು ಚಂದ್ರಿಕೆ (ಹುಳ ಗೂಡು ಕಟ್ಟುವ ಬಿದಿರಿನ ತಟ್ಟೆ) ಗೂಡು ನನಗೆಂದೇ ಎತ್ತಿಟ್ಟಳು. ಹುಳಕ್ಕೆ ಹಾಲುತೊಂಡೆ ರೋಗ ಬಂದು ಅರ್ಧ ಬೆಳೆ ಹೋದಾಗಲೂ ಗಟ್ಟಿ ಗೂಡು ಆರಿಸಿ ಕೊಟ್ಟಳು. ಆ ಸಲ ಮಾರುಕಟ್ಟೆಗೆ ಹೋಗಿದ್ದೇ ಕಮ್ಮಿ. ಬಸ್ಸಲ್ಲಿ ಗೂಡಿನ ಚೀಲವನ್ನು ಬೆಂಗಳೂರಿನವರೆಗೂ ಮಡಿಲಲ್ಲಿಟ್ಟುಕೊಂಡು ತಂದ ಪಕ್ಕದ ಮನೆ ಅಕ್ಕ, ನಿಮ್ಮನ್ನೂ ಮರೆತಿಲ್ಲ.

ನಾಲ್ಕನೇ ವರ್ಷದ ಒಂದು ರಾತ್ರಿ ಗುರುತಿಗೆಂದು ಹಾಕಿದ್ದ ಜೆಲ್ಲಿಮೀನಿನ ಹಸಿರು ಹೊಳಪಿನ ಜೀನ್ ಕಣದಲ್ಲಿ ಕೂತು ಕೋಶದ ಒಳಗೆ ಹೋಯಿತು. ಒಳಗೆ ಹೋದರೆ ಸಾಲದು. ಡಿಎನ್‌ಎ ಕೋಶಕೇಂದ್ರದವರೆಗೂ ಮುಟ್ಟಬೇಕು. ಮುಟ್ಟಿತ್ತು! ಕತ್ತಲಲ್ಲಿ ಒಂದೊಂದೇ ಹಸಿರು ಚುಕ್ಕಿ. ಡ್ಯೂಟಿ ಮುಗಿದ ಮೇಲೂ ಮೈಕ್ರೊಸ್ಕೋಪ್ ಕೋಣೆಗೆ ಬೀಗ ಹಾಕದೆ ಕಾದ ಲ್ಯಾಬ್ ಅಣ್ಣನೇ ನನಗಿಂತ ಮೊದಲು ಕೂಗಿದ್ದು. ಗಂಟುಗಟ್ಟಿದ ವರ್ಷದಲ್ಲೂ ಒಂದು ಬಿರುಸು ಮಾತಾಡದ ಗೈಡ್ ಮೇಡಂಗೆ ಆ ರಾತ್ರಿಯೇ ಫೋಟೊ ಕಳಿಸಿದೆ.

ಅದನ್ನೇ ದೊಡ್ಡದಾಗಿ ಎರಡು ಪ್ರಿಂಟ್ ಹಾಕಿಸಿದ್ದೇನೆ. ಒಂದು ಭಾಯ್ ಫಿಲೇಚರ್‌ಗೆ, ಒಂದು ನಮ್ಮ ಹುಳದ ಮನೆಗೆ. ಅಮ್ಮ, ಈ ಬೆಳೆಯ ಹುಳ ಹಣ್ಣಾಗಿ ಗೂಡು ಕಟ್ಟುವಷ್ಟರಲ್ಲಿ ಬರುತ್ತೇನೆ. ಚಂದ್ರಿಕೆಗೆ ಹುಳ ಬಿಡೋಕೆ ಒಂದು ಕೈ ಜಾಸ್ತಿ ಬೇಕಲ್ವಾ?