12 ಡಿಗ್ರಿಗೆ ಇಳಿಯದ ಟೆಲಿಸ್ಕೋಪ್ ಮೌಂಟ್: ಹಣ ವಾಪಸ್ ಕೋರಿ ದೂರು

ಮಂಡ್ಯ
3 ಮಾರ್ಚ್ 2025

ಇವರಿಗೆ,
ಗ್ರಾಹಕರ ದೂರು ವಿಭಾಗದ ಅಧಿಕಾರಿಗಳು

ವಿಷಯ: ನೀವು ಮಾರಿದ ಈಕ್ವಟೋರಿಯಲ್ ಮೌಂಟ್ ಕರ್ನಾಟಕದ ಯಾವ ಊರಿಗೂ ಹೊಂದದಿರುವ ಬಗ್ಗೆ

ಮಾನ್ಯರೇ,

ಜನವರಿಯಲ್ಲಿ ನಿಮ್ಮ ಅಂಗಡಿಯಿಂದ ಆನ್‌ಲೈನ್‌ನಲ್ಲಿ 48,000 ರೂಪಾಯಿ ಕೊಟ್ಟು ಟೆಲಿಸ್ಕೋಪ್ ಕೂರಿಸಿ ನಕ್ಷತ್ರಗಳ ಓಟಕ್ಕೆ ತಕ್ಕಂತೆ ತಿರುಗಿಸುವ ಮೋಟಾರ್ ಮೌಂಟ್ ತರಿಸಿಕೊಂಡೆ. ಇದರ ಅಕ್ಷವನ್ನು ಊರಿನ ಅಕ್ಷಾಂಶದಷ್ಟೇ ಡಿಗ್ರಿಗೆ ಬಾಗಿಸಿ ನಿಲ್ಲಿಸಬೇಕು. ದುಡ್ಡು ಕಟ್ಟುವ ಮೊದಲೇ ಮೇಲ್‌ನಲ್ಲಿ ಕೇಳಿದ್ದೆ: ‘ನಮ್ಮೂರು ಮಂಡ್ಯ, ಅಕ್ಷಾಂಶ ಹನ್ನೆರಡೂವರೆ ಡಿಗ್ರಿ. ಈ ಮೌಂಟ್ ಅಷ್ಟು ಕೆಳಕ್ಕೆ ಬಾಗುತ್ತದೆಯೇ?’ ‘ಭಾರತದಲ್ಲಿ ಎಲ್ಲಿ ಬೇಕಾದರೂ ಬಳಸಬಹುದು ಸರ್’ ಅಂತ ನಿಮ್ಮ ಕಡೆಯಿಂದ ಉತ್ತರ ಬಂತು. ಆ ಮೇಲ್ ಮತ್ತು ಬಿಲ್ಲಿನ ನಕಲು ಇದರ ಜೊತೆಗಿವೆ.

ಅದು ಬಾಗುವುದಿಲ್ಲ. 20ರ ಗೆರೆಗೆ ಬಂದು ನಿಂತುಬಿಡುತ್ತದೆ. ಬೋಲ್ಟ್ ಎಷ್ಟೇ ಸಡಿಲ ಮಾಡಿದರೂ ಒಳಗಿನ ಲೋಹದ ಅಂಚು ಬುಡಕ್ಕೆ ತಗುಲಿ ಟಕ್ ಅನ್ನುತ್ತದೆ. ಆಮೇಲೆ ಒಂದು ಕೂದಲೆಳೆಯಷ್ಟೂ ಇಳಿಯುವುದಿಲ್ಲ. ತಗುಲುವ ಜಾಗದಲ್ಲಿ ಬಣ್ಣ ಕಿತ್ತು ಬೆಳ್ಳಗಾಗಿದೆ, ಫೋಟೊ ಕಳಿಸಿದ್ದೇನೆ. ಪಕ್ಕದಲ್ಲಿ ಅಂಟಿಸಿರುವ ಪಟ್ಟಿಯಲ್ಲಿ ಮಾತ್ರ 0ಯಿಂದ 90ರವರೆಗೆ ಗೆರೆಗಳಿವೆ!

20 ಡಿಗ್ರಿ ಅಂದರೆ ಏನು ಗೊತ್ತಾ? ನಾಗಪುರ ಸುಮಾರು 21ರಲ್ಲಿದೆ, ಅಲ್ಲಿಗೆ ನಡೆಯುತ್ತದೆ. ನಮ್ಮ ಬೀದರ್ ಕೂಡ 18ರ ಹತ್ತಿರ. ಕರ್ನಾಟಕದ ಒಂದೇ ಒಂದು ಹಳ್ಳಿಗೂ ಈ ಮೌಂಟ್ ಆಗುವುದಿಲ್ಲ. ಕನ್ಯಾಕುಮಾರಿ 8ರಲ್ಲಿದೆ, ಅಲ್ಲಿಯವರ ಗತಿ ಏನು?

ನಿಮ್ಮ ಸಹಾಯವಾಣಿಯವರು ‘ಸ್ವಲ್ಪ ಆಚೀಚೆ ಆದರೆ ಪರವಾಗಿಲ್ಲ’ ಅಂದರು. ಅದು ಹಾಗಲ್ಲ. ಭೂಮಿ ತಿರುಗುವುದರಿಂದ ಆಕಾಶ ಗಂಟೆಗೆ 15 ಡಿಗ್ರಿ ಸರಿದಂತೆ ಕಾಣುತ್ತದೆ. ಆ ಓಟವನ್ನು ಹಿಂಬಾಲಿಸಬೇಕಾದರೆ ಮೌಂಟಿನ ಅಕ್ಷ ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿರಬೇಕು. ಧ್ರುವ ನಕ್ಷತ್ರ ನಮಗೆ ದಿಗಂತದಿಂದ ಹನ್ನೆರಡು ಡಿಗ್ರಿ ಚಿಲ್ಲರೆ ಎತ್ತರದಲ್ಲಿ, ತೆಂಗಿನ ಮರಗಳ ಸಂದಿಯಲ್ಲಿ ಇರುತ್ತದೆ. ನಿಮ್ಮ ಮೌಂಟ್ ಅದಕ್ಕಿಂತ ಏಳೂವರೆ ಡಿಗ್ರಿ ಮೇಲೆ ನೋಡುತ್ತಾ ನಿಲ್ಲುತ್ತದೆ. ಇಷ್ಟು ತಪ್ಪಿದರೆ ಆಕಾಶದ ಕೆಲವು ಭಾಗದಲ್ಲಿ ನಕ್ಷತ್ರ ಒಂದೇ ನಿಮಿಷಕ್ಕೆ ಸುಮಾರು 2 ಆರ್ಕ್ ಮಿನಿಟ್ (ಒಂದು ಡಿಗ್ರಿಯ ಅರವತ್ತನೇ ಒಂದು ಭಾಗವೇ ಆರ್ಕ್ ಮಿನಿಟ್) ಜಾರುತ್ತದೆ. ಗುರು ಗ್ರಹ ನಮಗೆ ಕಾಣುವ ಅಗಲಕ್ಕಿಂತ ಎರಡು ಪಟ್ಟು ಜಾಸ್ತಿ ಅದು.

ನಾನು ತೆಗೆಯುವುದು ನಕ್ಷತ್ರ ಗುಚ್ಛಗಳ ಫೋಟೊ. ಮಸುಕಾದ ನೆಬ್ಯುಲಾ, ಅಂದರೆ ಆಕಾಶದ ಅನಿಲ-ದೂಳಿನ ರಾಶಿ ಆದರೆ ಒಂದಿಷ್ಟು ಅಲುಗಾಡಿದರೂ ಮೋಡದ ಹಾಗೆ ಏನೋ ಉಳಿಯುತ್ತದೆ. ಗುಚ್ಛದಲ್ಲಿ ಇರುವುದೆಲ್ಲ ಚುಕ್ಕಿಗಳೇ. ಚುಕ್ಕಿ ಗೆರೆಯಾದರೆ ಫೋಟೊ ಮುಗಿಯಿತು. ಶಿವರಾತ್ರಿಯ ಕತ್ತಲಲ್ಲಿ ಮೇಲುಕೋಟೆ ಕಡೆಯ ನಮ್ಮ ಮಾವನವರ ಹೊಲದಲ್ಲಿ ಕೃತ್ತಿಕೆಯನ್ನು ತೆಗೆದೆ. ಒಂದು ನಿಮಿಷದ ಎಕ್ಸ್‌ಪೋಷರ್‌ನಲ್ಲಿ ಒಂದೊಂದು ನಕ್ಷತ್ರವೂ ಎಳೆದ ಶಾವಿಗೆಯ ಹಾಗೆ ಬಂದಿದೆ. ಎರಡು ಮೂರು ಸೆಕೆಂಡಿಗೆ ಇಳಿಸಿದರೆ ಗೆರೆ ಕಮ್ಮಿಯಾಗುತ್ತದೆ, ಆದರೆ ಆ ಏಳೆಂಟು ದೊಡ್ಡ ನಕ್ಷತ್ರಗಳನ್ನು ಬಿಟ್ಟು ಹಿಂದಿನ ನೂರಾರು ಮಂಕು ನಕ್ಷತ್ರಗಳು ಬರುವುದೇ ಇಲ್ಲ. ಅವು ಬೇಡ ಅಂದರೆ ಮೋಟಾರ್ ಯಾಕೆ, ಸುಮ್ನೆ ಟ್ರೈಪಾಡ್ ಸಾಕಿತ್ತು ಅಲ್ವಾ?

ಆಮೇಲೆ ನಿಮ್ಮ ತಂತ್ರಜ್ಞರು ದಕ್ಷಿಣದ ಕಾಲಿನ ಕೆಳಗೆ ಇಟ್ಟಿಗೆ ಇಡಿ ಅಂದರು. ಟೆಲಿಸ್ಕೋಪ್, ಕ್ಯಾಮೆರಾ, ಅವನ್ನು ಸರಿತೂಗಿಸುವ ಕೌಂಟರ್‌ವೇಟ್ ಎಲ್ಲಾ ಸೇರಿ ಹನ್ನೆರಡು ಕಿಲೋ ದಾಟುತ್ತದೆ. ಅಷ್ಟು ಭಾರವನ್ನು ವಾಲಿಸಿ ನಿಲ್ಲಿಸಿ, ಉತ್ತ ಹೊಲದಲ್ಲಿ ಕತ್ತಲಲ್ಲಿ ಅದರ ಸುತ್ತ ಓಡಾಡಿ ಅಂತ ಹೇಳುವುದು ಜವಾಬ್ದಾರಿಯ ಮಾತಲ್ಲ. ಹಾಗೆ ವಾಲಿಸಿದರೂ ಕೌಂಟರ್‌ವೇಟಿನ ಕಂಬಿ ಉತ್ತರದ ಕಾಲಿಗೆ ಬಡಿಯುತ್ತದೆ, ಮೋಟಾರ್ ಗರ್ ಅಂತ ಒದ್ದಾಡುತ್ತದೆ. ಅದರ ವಿಡಿಯೊ ಕೂಡ ಕಳಿಸಿದ್ದೇನೆ.

ದಕ್ಷಿಣದವರು ಆಕಾಶ ನೋಡಲು ಕೆಟ್ಟ ಜಾಗದಲ್ಲಿದ್ದೇವೆ ಅಂತ ನಿಮ್ಮವರ ಮಾತಿನ ಧಾಟಿ ಇತ್ತು. ಇದು ನನಗೆ ನಿಜಕ್ಕೂ ಬೇಸರ ತಂದಿತು. ಒಮೇಗಾ ಸೆಂಟಾರಿ ಅನ್ನುವ ಗೋಳಾಕಾರದ ಗುಚ್ಛ ದೆಹಲಿಯಲ್ಲಿ 14 ಡಿಗ್ರಿ ದಾಟಿ ಮೇಲೇರುವುದಿಲ್ಲ, ದೂಳಿನಲ್ಲೇ ಮುಳುಗಿರುತ್ತದೆ. ನಮ್ಮಲ್ಲಿ 30 ಡಿಗ್ರಿಗೆ ಏರುತ್ತದೆ. ಯುಗಾದಿ ಅಮಾವಾಸ್ಯೆಯ ಹೊತ್ತಿಗೆ ನಡುರಾತ್ರಿ ಕಳೆದ ಮೇಲೆ ಅದು ದಕ್ಷಿಣದಲ್ಲಿ ಚೆನ್ನಾಗಿ ಸಿಗುತ್ತದೆ. ಧ್ರುವ ನಕ್ಷತ್ರ ಕೆಳಗಿರುವ ಕಾರಣಕ್ಕೇ ಇದು ನಮಗೆ ಸಿಕ್ಕಿರುವುದು. ಜೂನ್ ಬಂದರೆ ಮಳೆಮೋಡ, ಆಮೇಲೆ ಮುಂದಿನ ವರ್ಷವೇ.

ಪೆಟ್ಟಿಗೆ ಒಡೆದಿದ್ದೀರಿ, ವಾಪಸ್ ತಗೊಳ್ಳಲ್ಲ ಅಂತ ನಿಮ್ಮ ಕೊನೆಯ ಮೇಲ್‌ನಲ್ಲಿದೆ. ಒಡೆಯದೆ ಬಾಗುತ್ತದೋ ಇಲ್ಲವೋ ನೋಡುವುದು ಹೇಗೆ? ಹೇಳಿದ ಗುಣ ವಸ್ತುವಿನಲ್ಲಿ ಇಲ್ಲದಿದ್ದರೆ ಮಾರಾಟಗಾರರು ವಾಪಸ್ ಪಡೆಯಲು ನಿರಾಕರಿಸುವಂತಿಲ್ಲ ಅಂತ 2020ರ ಇ-ಕಾಮರ್ಸ್ ನಿಯಮಗಳೇ ಹೇಳುತ್ತವೆ. ದೂರು ತಲುಪಿದ್ದಕ್ಕೆ 48 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು ಅಂತಲೂ ಅದರಲ್ಲಿದೆ.

ಹಾಗಾಗಿ ಪೂರ್ತಿ ಹಣ ವಾಪಸ್ ಕೊಡಿ, ಇಲ್ಲವೇ 12 ಡಿಗ್ರಿಗೆ ನಿಜವಾಗಿ ಇಳಿಯುವ ಮೌಂಟ್ ಕೊಡಿ. ಎರಡನೆಯದಾದರೆ ಕಳಿಸುವ ಮೊದಲು ಇಳಿಸಿ ತೋರಿಸಿದ ವಿಡಿಯೊ ಬೇಕು. ಪೆಟ್ಟಿಗೆ ಭಾರವಿದೆ, ಮನೆಯಿಂದ ಒಯ್ಯುವ ಖರ್ಚು ನಿಮ್ಮದೇ. ನಿಮ್ಮ ಜಾಹೀರಾತಿನಲ್ಲಿ ‘20 ಡಿಗ್ರಿಯಿಂದ ಮೇಲೆ ಮಾತ್ರ’ ಅಂತ ಇವತ್ತೇ ಸೇರಿಸಿ. ಮೈಸೂರಿನ ಕಾಲೇಜು ಹುಡುಗನೊಬ್ಬ ಇದೇ ಮಾಡೆಲ್ ಕೊಳ್ಳಲು ದುಡ್ಡು ಕೂಡಿಡುತ್ತಿದ್ದ, ನಾನೇ ತಡೆದಿದ್ದೇನೆ. ತಿಂಗಳೊಳಗೆ ಇತ್ಯರ್ಥವಾಗದಿದ್ದರೆ 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೂ ಮಂಡ್ಯದ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಇದೇ ದಾಖಲೆಗಳ ಸಮೇತ ದೂರು ಕೊಡುತ್ತೇನೆ.

ಇಂತಿ,
ನಿಮ್ಮ ಗ್ರಾಹಕ